ಮೂರನೆಯ ಚುಕ್ಕೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ನಲವತ್ತೆರಡೂವರೆ ಸಿಸಿ. ಎರಡನೇ ಸಲ ಅಳೆದೆ. ಅಷ್ಟೇ.

ಎಂಜಿನ್ನಿನ ಮುಚ್ಚಳ, ಅಂದರೆ ಹೆಡ್, ಮಗುಚಿಟ್ಟು, ಮೇಲೆ ತೂತಿನ ಗಾಜು, ಸಿರಿಂಜಿನಿಂದ ಎಣ್ಣೆ. ಗುಳ್ಳೆ ಹೋಗುವವರೆಗೆ ಉಸಿರು ಬಿಗಿಹಿಡಿದೆ. ಪುಸ್ತಕದ ಪ್ರಕಾರ ಪೆಟ್ರೋಲ್ ಉರಿಯುವ ಈ ಗುಂಡಿಯಲ್ಲಿ ನಲವತ್ತೇಳು ಸಿಸಿ ಹಿಡಿಯಬೇಕು. ನಾಲ್ಕೂವರೆ ಮಾಯ. ಗ್ಯಾಸ್ಕೆಟ್ ಬೇರೆ ತೆಳು. ಕೂಡಿ ಕಳೆದರೆ ಒಂಬತ್ತಿರಬೇಕಾದ ಕಂಪ್ರೆಷನ್ ರೇಷಿಯೋ ಹತ್ತಾಗಿದೆ. ಹೊಸಬರಿಗೆ ಹೇಳಿದರೆ ನಗುತ್ತಾರೆ — ಒಂದು ತಾನೇ? ಒಂಬತ್ತು ಪಟ್ಟು ಒತ್ತುವ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲನ್ನು ಹತ್ತು ಪಟ್ಟು ಒತ್ತಿ, ಮೇಲೆ ಲೋಡು ಹೇರಿ, ಏರು ಹತ್ತಿಸಿದರೆ ಕಿಡಿ ಬೀಳುವ ಮೊದಲೇ ಸಿಡಿಯುತ್ತದೆ. ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು. ಮೂರನೇ ಪಿಸ್ಟನ್ ಎರಡು ಹೋಳಾಗಿ ಬೆಂಚಿನ ಮೇಲಿದೆ.

ಸಣ್ಣ ಲಾರಿ. ಅದರ ಧಣಿ ಹೇಳಿ ಕಳಿಸಿದ್ದು ಒಂದೇ ಮಾತು — ಡ್ರೈವರ್ ಓಡಿಸಿ ಹಾಳು ಮಾಡಿದ.

ಡ್ರೈವರ್ ಹೆಡ್ ಉಜ್ಜುತ್ತಾನಾ? ಸಮ ಮಾಡಲು ಮೈ ಉಜ್ಜಿದಷ್ಟೂ ಗುಂಡಿ ಕಿರಿದಾಗುತ್ತದೆ; ಯಾವ ಮುಠ್ಠಾಳರು ಇಷ್ಟು ಫೇಸಿಂಗ್ ಹೊಡೆದರೋ!

ಮಾರ್ಚ್ 4, ಮಂಗಳವಾರ

ಸಿಳ್ಳೆ ಬಂದಿದ್ದ. ಆ ಲಾರಿಯ ಡ್ರೈವರ್. ಯಾವಾಗಲೂ ಸಿಳ್ಳೆ ಹಾಕುತ್ತಾನೆಂದು ಆ ಹೆಸರು. ಇವತ್ತು ಹಾಕಲಿಲ್ಲ.

"ಎಂಜಿನ್ ನೋಡಿದ್ರಾ ಅಕ್ಕಾ?"

"ನೋಡಿದೆ."

"ಏರಲ್ಲಿ ಕಟಕಟ ಅನ್ನುತ್ತೆ ಅಂತ ಧಣಿಗೆ ನಾಲ್ಕು ಸಲ ಹೇಳಿದೆ. ರೇಡಿಯೋ ಜೋರಾಗಿಟ್ಕೊ, ಕೇಳ್ಸಲ್ಲ ಅಂದ. ನಿಮಗೂ ಹೇಳಿದ್ದೆ."

"ನನಗಾ?"

"ಮರೆತ್ರಾ? ಗೇರ್ ಇಳಿಸಿ ಓಡ್ಸೋ, ಎಂಜಿನ್ ಅಂದ್ರೆ ನಿನ್ನ ಹೆಂಡ್ತಿನಾ, ಸುಮ್ಮನೆ ದೂರೋಕೆ ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ."

ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ಅವನನ್ನು ಕೆಲಸದಿಂದ ತೆಗೆದಿದ್ದಾರೆ. ಹದಿನೈದಕ್ಕೆ ಲಾರಿ ಸಂಘದ ಆಫೀಸಿನಲ್ಲಿ ವಿಚಾರಣೆ. ಧಣಿಗಳೂ ಡ್ರೈವರ್‌ಗಳೂ ಎದುರುಬದುರು. ತಪ್ಪು ಅವನದೆಂದು ತೀರ್ಮಾನವಾದರೆ ಹೆಸರು ಪಟ್ಟಿಗೆ ಬೀಳುತ್ತದೆ. ಆಮೇಲೆ ಯಾರೂ ಸ್ಟಿಯರಿಂಗ್ ಮುಟ್ಟಲು ಬಿಡುವುದಿಲ್ಲ. ವರ್ಕ್‌ಶಾಪಿನ ವರದಿಯೇ ಸಾಕ್ಷಿ. ವರದಿ ಬರೆಯುವವಳು ನಾನು.

"ಇದ್ದದ್ದನ್ನ ಬರೀರಿ ಅಕ್ಕಾ. ಅಷ್ಟೇ ಕೇಳೋದು" ಎಂದು ಹೋದ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಸೀಮೆಎಣ್ಣೆ ಹಾಕಿ ಹೆಡ್ಡಿನ ಪಕ್ಕ ಉಜ್ಜಿದೆ.

ನಮ್ಮ ವರ್ಕ್‌ಶಾಪಿನಲ್ಲೊಂದು ಪದ್ಧತಿ. ಫೇಸಿಂಗ್ ಹೊಡೆದವರು ಹೆಡ್ಡಿನ ಪಕ್ಕದಲ್ಲಿ ಚೂಪು ತುದಿಯ ಪಂಚಿನಿಂದ ಒಂದು ಚುಕ್ಕೆ ಹೊಡೆಯಬೇಕು. ಎರಡು ಚುಕ್ಕೆ ಇದ್ದ ಹೆಡ್ಡನ್ನು ಮತ್ತೆ ಮುಟ್ಟುವ ಹಾಗಿಲ್ಲ. ನೇರ ಗುಜರಿಗೆ. ಬರೆಯದ ಕಾನೂನು, ಆದರೆ ಬರೆದವುಗಳಿಗಿಂತ ಗಟ್ಟಿ.

ಜಿಡ್ಡಿನಡಿ ಒಂದು ಚುಕ್ಕೆ. ಇನ್ನಷ್ಟು ಉಜ್ಜಿದೆ. ಎರಡು. ಎರಡೂ ದುಂಡಗೆ, ಹಳೆಯವು. ಪಕ್ಕದಲ್ಲೇ ಮೂರನೆಯದು. ದುಂಡಗಿಲ್ಲ. ಒಂದು ಮಗ್ಗುಲು ಸೀಳು.

ಪಂಚಿನ ತುದಿ ಮುರಿದಿರುವುದು ಇಡೀ ಶೆಡ್ಡಿನಲ್ಲಿ ನನ್ನದು ಒಂದೇ.

ಹೋದ ವರ್ಷ. ಗುರುವಾರಕ್ಕೆ ಗಾಡಿ ಬೇಕೇ ಬೇಕು ಎಂದು ಧಣಿಯ ಬೊಬ್ಬೆ. ಬೆರಳಗಲ ಜಾಗ ಮಾತ್ರ ಒರೆಸಿ ನನ್ನ ಚುಕ್ಕೆ ಹೊಡೆದೆ. ಸಹಿ ಹಾಕುವಷ್ಟು ಒರೆಸಿದೆ. ಓದುವಷ್ಟು ಒರೆಸಲಿಲ್ಲ. ಕಪಾಟಿನಲ್ಲಿದ್ದ ತೆಳು ಗ್ಯಾಸ್ಕೆಟ್ ಹಾಕಿದವಳೂ ನಾನೇ. ಸಿಸಿ ಅಳೆಯಲಿಲ್ಲ. ಕೈಯಂದಾಜು! ಇಪ್ಪತ್ತೆರಡು ವರ್ಷದ ಕೈ ಎಂಬ ಕೊಬ್ಬು.

ಮುಠ್ಠಾಳಿ ಸಿಕ್ಕಳು.

ಮಾರ್ಚ್ 6, ಗುರುವಾರ

ಧಣಿ ಬಂದ. ಶೆಡ್ಡಿನೊಳಗೆ ಕಾಲಿಡಲಿಲ್ಲ, ಬೂಟಿಗೆ ಎಣ್ಣೆ ಹತ್ತುತ್ತದಂತೆ. ಶೆಡ್ಡು ನಡೆಸುವ ನಮ್ಮ ಮೇಸ್ತ್ರಿಯೇ ಬಾಗಿಲಿಗೆ ಹೋದ.

"ಈ ಸಲ ಇನ್ನೂ ಚೆನ್ನಾಗಿ ಎಳೀಬೇಕು ಮೇಸ್ತ್ರಿ. ಹೋದ ವರ್ಷ ನೀವು ರೆಡಿ ಮಾಡಿಕೊಟ್ಟಾಗ ಕುದುರೆ ಆಗಿತ್ತು ನೋಡಿ!"

ಆಗದೆ ಏನು. ಒತ್ತಿದಷ್ಟೂ ಎಳೆಯುತ್ತದೆ, ಸಿಡಿಯುವವರೆಗೆ. ಧಣಿಗಳೆಲ್ಲ ಈ ವಾಕ್ಯದ ಮೊದಲರ್ಧ ಮಾತ್ರ ಕಲಿತಿರುತ್ತಾರೆ. ಎಂಜಿನ್ನಿಗೂ ಅದೇ, ಆಳಿಗೂ ಅದೇ.

ಹೆಡ್ ಸೊಟ್ಟಗಾಗಿದೆ, ಇನ್ನೊಂದು ಫೇಸಿಂಗ್ ಹೊಡೆದುಬಿಡೋಣ ಎಂದ ಮೇಸ್ತ್ರಿ. ನಾಲ್ಕನೆಯದು! ಧಣಿ ಹೋದ ಮೇಲೆ ಚುಕ್ಕೆ ತೋರಿಸಿದೆ. ಮುರುಕು ಚುಕ್ಕೆಯನ್ನು ತುಂಬ ಹೊತ್ತು ನೋಡಿದ. ಡಬ್ಬಿಯಿಂದ ಹೆಬ್ಬೆರಳಲ್ಲಿ ಗ್ರೀಸ್ ತೆಗೆದು ಮೂರರ ಮೇಲೂ ಬಳಿದ.

"ಈಗ ಕಾಣಲ್ಲ."

"ಮೇಸ್ತ್ರಿ, ಆ ಹುಡುಗನ ಹೊಟ್ಟೆ ಮೇಲೆ—"

"ನಿನ್ನ ಹೊಟ್ಟೆ ಮೇಲೆ ಯಾರೂ ಹೊಡೀಬಾರದು ಅಂತ ನಾನು ನೋಡ್ತಿದೀನಿ ಕಣಮ್ಮಾ. ಹೆಂಗಸಿನ ಕೈಗೆ ಹೆಡ್ ಕೊಟ್ರೆ ಹಿಂಗೇ ಅಂತ ನಾಳೆ ಊರೇ ಆಡುತ್ತೆ. ಅಡ್ಡಿ ಇಲ್ವಾ?"

ಅಡ್ಡಿ ಇದೆ. ಆ ಮಾತು ಕೇಳಬಾರದೆಂದೇ ಇಪ್ಪತ್ತೆರಡು ವರ್ಷ ಗಂಡಸರಿಗಿಂತ ಎರಡರಷ್ಟು ದುಡಿದಿದ್ದೇನೆ.

"ಬರಿ. ಚಾಲಕನ ಅಜಾಗರೂಕತೆ. ಎರಡೇ ಪದ, ಮುಗೀತು."

ಬರೆದೆ. ಕಾರ್ಬನ್ ಇಟ್ಟು ಎರಡು ಪ್ರತಿ. ಸಹಿ ಹಾಕಿದೆ.

ಮಾರ್ಚ್ 7

ಏನೂ ಇಲ್ಲ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 7

ಅಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಾಗ ಕಾರ್ಖಾನೆಯವರು ಕಾಗದದಲ್ಲಿ ಬರೆದದ್ದೂ ಇದೇ ಪದ. ಅಜಾಗರೂಕತೆ. ಪ್ರೆಸ್ಸಿನ ಗಾರ್ಡ್ ಬಿಚ್ಚಿಸಿದವರು ಅವರು, ಬೇಗ ಬೇಗ ಎಂದವರು ಅವರು. ಅಜಾಗರೂಕ ಅಪ್ಪ. ಹನ್ನೊಂದು ದಿನ ಗೇಟಿನೆದುರು ಕೂತೆವು. ನನಗೆ ಹದಿನಾರು. ಗಂಟಲು ಹರಿಯುವವರೆಗೆ ಕೂಗಿದೆ. ಆ ಗಂಟಲು ಎಲ್ಲಿ ಹೋಯಿತು? ಯಾವ ಗ್ರೀಸ್ ಡಬ್ಬಿಗೆ ಬಿತ್ತು?

ಅಮ್ಮ ಒಳಗಿಂದ — "ಕೂತ್ಕೊ, ಇಲ್ಲಾ ನಿಂತ್ಕೊ. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಬೇಡ."

ಮಾರ್ಚ್ 13, ಗುರುವಾರ. ಸಂಜೆ

ಅಮ್ಮನಿಗೆ ಓದು ಬರುವುದಿಲ್ಲ. ಇದನ್ನು ಮೊದಲು ಬರೆದಿಡಬೇಕು.

ಕೆಲಸದ ಅಂಗಿ ಒಗೆಯುವ ಮೊದಲು ಜೇಬು ನೋಡುವುದು ಅವಳ ರೂಢಿ. ನಟ್ಟು, ವಾಷರ್ ಸಿಗುತ್ತವೆ, ಬೈಯುತ್ತಾಳೆ. ಇವತ್ತು ವರದಿಯ ಪ್ರತಿ ಸಿಕ್ಕಿತು. ನಾನು ಬರುವಷ್ಟರಲ್ಲಿ ಅಪ್ಪನ ಟ್ರಂಕಿನಿಂದ ಆ ಹಳೇ ಕಾಗದ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಅದರಲ್ಲೊಮ್ಮೆ, ಇದರಲ್ಲೊಮ್ಮೆ ಬೆರಳಿಟ್ಟಳು. ಕರಾರುವಾಕ್ಕು. ಮೂವತ್ತು ವರ್ಷ ನೋಡಿ ನೋಡಿ ಆ ಪದದ ಮುಖ ಅವಳಿಗೆ ಪರಿಚಯ.

"ಇದು ಅದೇ ತಾನೇ?"

"ಹೂಂ."

"ನಿನ್ನ ಅಕ್ಷರ?"

"ಹೂಂ."

ಕಾಗದ ಮಡಿಸಲಿಲ್ಲ. ಹರಿಯಲಿಲ್ಲ. ಕೇಳಿದಳು — "ಯಾರ ಕೈ ಹೋಯ್ತು?"

ಹೇಳಿದೆ. ಸಿಳ್ಳೆಯ ಕೆಲಸ, ಚುಕ್ಕೆ, ಗ್ರೀಸು, ಎಲ್ಲ.

"ಅವತ್ತು ಬರೆದೋರಿಗೂ ಮನೇಲಿ ಅಮ್ಮ ಇದ್ದಳೇನೋ" ಎಂದಳು. ಎದ್ದು ಅಂಗಿ ನೆನೆಹಾಕಿದಳು.

ಹೊಡೆದಿದ್ದರೆ ವಾಸಿಯಿತ್ತು.

ಮಾರ್ಚ್ 14, ಶುಕ್ರವಾರ. ಸಂಜೆ 6

ಮೇಸ್ತ್ರಿ ಚಹಾಕ್ಕೆ ಹೋದಾಗ ಹೆಡ್ ಗೋಣಿಗೆ ತುಂಬಿದೆ. ನಾಲ್ಕನೇ ಫೇಸಿಂಗಿಗೆ ನಾಳೆ ಲೇತಿಗೆ ಏರಿಸುವುದಿತ್ತು. ಇನ್ನು ಏರಿಸಲಿ ನೋಡೋಣ. ಬೆಂಚಿನ ಮೇಲೆ ಚೀಟಿ ಇಟ್ಟೆ: "ಹೆಡ್ ನನ್ನ ಹತ್ತಿರ ಇದೆ. ಬೇರೆ ಹೆಡ್ ತನ್ನಿ, ದಪ್ಪ ಗ್ಯಾಸ್ಕೆಟ್ ಹಾಕಿ, ಒಂಬತ್ತಕ್ಕಿಂತ ಮೇಲೆ ಏರಿಸಬೇಡಿ. ನಾಲ್ಕೂ ಗುಂಡಿ ಅಳೆಯಿರಿ." ಬೀಗದ ಕೈ ಚೀಟಿಯ ಮೇಲಿಟ್ಟೆ. ಮತ್ತೆ ಕೊಡುತ್ತಾರೋ ಇಲ್ಲವೋ.

ಬೀಡುಕಬ್ಬಿಣದ ಹೆಡ್. ಬೆನ್ನು ಬಿದ್ದುಹೋಗಿದೆ.

ಮಾರ್ಚ್ 15, ಶನಿವಾರ. 10:20

ಸಂಘದ ಆಫೀಸಿನ ಹೊರಗಿನ ಬೆಂಚು. ಕಾಲ ಬಳಿ ಗೋಣಿ. ಚೀಲದಲ್ಲಿ ಗಾಜು, ಸಿರಿಂಜು, ಅರ್ಧ ಲೀಟರ್ ಎಣ್ಣೆ, ನನ್ನ ಮುರುಕು ಪಂಚು. ಎಲ್ಲರೆದುರು ಅಳೆದು ತೋರಿಸುತ್ತೇನೆ. ಆಮೇಲೆ ಒಂದು ತಗಡಿನ ಮೇಲೆ ಚುಕ್ಕೆ ಹೊಡೆದು ಪಕ್ಕದಲ್ಲಿಡುತ್ತೇನೆ. ಓದು ಬರದವರಿಗೂ ತಿಳಿಯಬೇಕು.

ಒಳಗೆ ಧಣಿ ನಗುತ್ತಿದ್ದಾನೆ. ಮೇಸ್ತ್ರಿ ಬಂದಿದ್ದಾನೆ. ಗೋಣಿ ನೋಡಿದ, ತಲೆ ತಗ್ಗಿಸಿ ಒಳಗೆ ಹೋದ.

ಸಿಳ್ಳೆ ಬಂದು ಪಕ್ಕ ಕೂತ. "ಇದೇನಕ್ಕಾ ಗೋಣಿ?"

"ನಿನ್ನ ಸಾಕ್ಷಿ." ಗ್ರೀಸ್ ಒರೆಸಿ ತೋರಿಸಿದೆ. ಒಂದು, ಎರಡು, ಮೂರು.

"ಈ ಮೂರನೇದು ಯಾವ ನನ್ಮಗಂದು?"

"ನಂದು."

"ಯಾವಾಗ ಗೊತ್ತಾಯ್ತು?"

"ಹತ್ತು ದಿನ ಆಯ್ತು. ಗೊತ್ತಾದ ಮೇಲೆ ವರದಿ ಬರೆದೆ. ನಿಂದೇ ತಪ್ಪು ಅಂತ."

ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತ. ಬೈಯಲಿ ಎಂದು ಕಾದೆ. ಗೋಡೆ ನೋಡುತ್ತಿದ್ದಾನೆ. ನಾನು ಇದನ್ನು ಗೀಚುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ, ಕ್ಷಮೆ ಕೇಳಲು ಮುಖವಿಲ್ಲ.

ಒಳಗಿಂದ ಕೂಗುತ್ತಿದ್ದಾರೆ — ವರ್ಕ್‌ಶಾಪಿನವರು ಯಾರು?

ಸಿಳ್ಳೆ ಎದ್ದು ಬಂದ. ಗೋಣಿಯ ಒಂದು ತುದಿ ಹಿಡಿದಿದ್ದಾನೆ. ನನ್ನ ಮುಖ ನೋಡುತ್ತಿಲ್ಲ.

"ಬರೆದಿದ್ದು ಸಾಕು. ಎತ್ತಿ."

ಇನ್ನೊಂದು ತುದಿ ನಾ—