ಬಕೆಟ್ಟಿನ ಮೇಲೆ ಕೂತು ಓದಿದವಳು

ಮಗನೇ,

ನಿನ್ನ ಮಗಳು ಗುಬ್ಬಿಯನ್ನು ಕರೆದುಕೊಂಡು ಲೈಬ್ರರಿಗೆ ಹೊರಟಿದ್ದೇನೆ. ನೀನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ ಅವಳ ಕಥೆಪುಸ್ತಕ ನನ್ನ ಚೀಲದಲ್ಲಿದೆ. ಇವತ್ತು ವಾಪಸ್ ಕೊಡಬೇಕು. ಉಳಿದ ಹತ್ತು ಪುಟ ಅಲ್ಲೇ ಕೂತು ಓದಿಕೊಳ್ಳಲಿ. ಬೀಗದ ಕೈ ಮತ್ತೆ ನಿನ್ನ ಅಂಗಿಯ ಜೇಬಿಗೇ ಹಾಕಿದ್ದೇನೆ. ಕೂಗಾಡುವುದಿದ್ದರೆ ನನ್ನ ಮೇಲೆ ಕೂಗಾಡು.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ಮೊನ್ನೆ ನೀನು "ಎಷ್ಟೊತ್ತೇ ಸ್ನಾನ? ಟ್ಯಾಂಕೇ ಖಾಲಿಯಾಯ್ತು!" ಅಂತ ಬಚ್ಚಲ ಬಾಗಿಲು ಬಡಿದೆ. ನಲ್ಲಿ ಬಿಟ್ಟು, ಬಕೆಟ್ ಮಗುಚಿ ಅದರ ಮೇಲೆ ಕೂತು ಓದುತ್ತಿದ್ದವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಏಳನೇ ಕ್ಲಾಸಿನ ಹುಡುಗಿ ಓದುವುದಕ್ಕೂ ಕದ್ದು ಕೂರಬೇಕಾಯಿತಲ್ಲ, ಅದು ನಿನಗೆ ಚುಚ್ಚಲಿಲ್ಲವೇ? ಎರಡು ದಿನದಿಂದ ಅವಳು ನೀನು ಓದು ಓದು ಅನ್ನುವ ಪಾಠಪುಸ್ತಕವನ್ನೂ ಮುಟ್ಟಿಲ್ಲ.

ನಾನು ರಾತ್ರಿಶಾಲೆಗೆ ಸೇರಿದಾಗ ನೀನೂ ಏಳನೇ ಕ್ಲಾಸು. ನಾನು ಅಕ್ಷರ ಕೂಡಿಸಿ ಕೂಡಿಸಿ ಕಥೆ ಓದುವಾಗ ನೀನು ಒಂದು ದಿನವೂ ನಗಲಿಲ್ಲ. "ಮುಂದೇನಾಯ್ತಮ್ಮ?" ಅಂತ ಪಕ್ಕಕ್ಕೆ ಬಂದು ಕೂರುತ್ತಿದ್ದೆ. ನಿನಗೆ ಹೇಳಬೇಕಲ್ಲ ಅಂತಲೇ ನಾನು ಮುಂದಿನ ಪುಟ ತಿರುಗಿಸುತ್ತಿದ್ದೆ.

ಆರಕ್ಕೆ ಬರುತ್ತೇವೆ. ಅವಳು ಹೊಸ ಪುಸ್ತಕ ಹಿಡಿದು ಒಳಗೆ ಬಂದಾಗ ಮಾರ್ಕ್ಸಿನ ಮಾತೆತ್ತಬೇಡ. ಹಳೆಯದರಲ್ಲಿ ಮುಂದೇನಾಯ್ತು ಅಂತ ಕೇಳು. ಅವಳು ಹೇಳಿ ಮುಗಿಸುವ ತನಕ ಫೋನ್ ಮುಟ್ಟಬೇಡ.

ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿದ್ದೇನೆ, ತೆಗೆಯಬೇಡ. ಬಕೆಟ್ಟಿಗೆ ನೀರು ತುಂಬಿಸಿಟ್ಟಿದ್ದೇನೆ. ಇನ್ನು ಅದರ ಮೇಲೆ ಯಾರೂ ಕೂರುವ ಹಾಗಾಗಬಾರದು.

ಅಮ್ಮ