ಕಾಯಂ ಎಂದರೆ ನಿಂತಿರುವವನು

ಭಾವನವರ ಸನ್ನಿಧಾನಕ್ಕೆ ನಿಂತಲ್ಲಿಂದಲೇ ನಮಸ್ಕಾರ.

"ಮೊದಲು ಕೆಲಸ ಕಾಯಂ ಆಗಲಿ, ಆಮೇಲೆ ನನ್ನ ತಂಗೀನ ಕಳಿಸ್ತೀನಿ" ಎಂದು ತಾವು ತೀರ್ಪು ಕೊಟ್ಟು ಏಳು ತಿಂಗಳಾಯಿತು. ಅಷ್ಟೂ ದಿನ ಈ ಬೈಂಡಿಂಗ್ ಅಂಗಡಿಯಲ್ಲಿ ನಿಂತೇ ಹಾಳೆ ಮಡಿಸಿದ್ದೇನೆ. ಇಲ್ಲಿ ಕಾಯಂ ಆದವರಿಗೆ ಮಾತ್ರ ಸ್ಟೂಲು, ಅದೂ ಅವರವರ ಕಾಲಿನ ಅಳತೆಗೆ ಬಡಗಿ ಮಾಡಿಕೊಟ್ಟದ್ದು. ಉಳಿದವರಿಗೆ ದೇವರು ಕೊಟ್ಟ ಕಾಲೇ ಗತಿ.

ಅಂಟು ಹಚ್ಚುವ ಅಜ್ಜನ ಮನೆಮಾತು ಅರಬ್ಬಿ. ನನ್ನ ಗೊಣಗಾಟ ಕೇಳಿ ಕೇಳಿ ನಿನ್ನೆ ಅವರೆಂದರು: "ಕಾಯಂ ಅನ್ನೋದು ನಮ್ಮ ಮಾತು ಕಣಯ್ಯ. ನೆಟ್ಟಗೆ ನಿಂತಿರೋನು ಅಂತ ಅರ್ಥ. ಬೀಳದೆ ನಿಂತದ್ದು ಉಳಿಯುತ್ತಲ್ಲ, ಅದಕ್ಕೇ ನಿಮ್ಮ ಕಡೆ ಅದು ಶಾಶ್ವತ ಅಂತ ಆಗಿರಬೇಕು."

"ಹಾಗಾದ್ರೆ ನಾನು ಬಂದ ದಿನಾನೇ ಕಾಯಂ ಆದೆನಲ್ಲ ಅಜ್ಜ."

"ಅದನ್ನ ಯಜಮಾನರ ಹತ್ರ ಹೇಳು."

ನನಗೆ ಧೈರ್ಯ ಬರಲಿಲ್ಲ. ಸಂಜೆ ಅಜ್ಜನೇ ಹೇಳಿಬಿಟ್ಟರು. ಯಜಮಾನರು ನಗಲಿಲ್ಲ, ಕನ್ನಡಕ ಏರಿಸಿ ನನ್ನ ಕಾಲುಗಳನ್ನು ಒಮ್ಮೆ ನೋಡಿ ಒಳಗೆ ಹೋದರು.

ಪಾದದ ಊತ ಬಿಸಿನೀರಿಗೆ ಇಳಿಯುತ್ತಿದೆ, ಅವಳಿಗೆ ಹೇಳಬೇಡಿ. ಕಾರ್ಡಿನಲ್ಲಿ ಇನ್ನು ಎರಡೇ ಸಾಲು ಜಾಗ. ಇವತ್ತು ಬೆಳಿಗ್ಗೆ ಬಡಗಿ ಬಂದು ಹಿಮ್ಮಡಿಯಿಂದ ಮೊಣಕಾಲಿನವರೆಗೆ ನನ್ನ ಅಳತೆ ತೆಗೆದುಕೊಂಡು ಹೋದ, ಸ್ಟೂಲು ಶನಿವಾರಕ್ಕಂತೆ. ಅವಳಿಗೆ ಟ್ರಂಕು ತುಂಬಲು ಹೇಳಿ.

ಶನಿವಾರದವರೆಗೆ ಮಾತ್ರ ನಿಂತಿರುವ,
ನಿಮ್ಮ ತಂಗಿಯ ಗಂಡ