ಟೀಚರಮ್ಮನ ಮನೆಯ ಪೈಪು

ಮನೆಯಿಂದ,
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರವೂ ಆಗಿಲ್ಲ, ಆಗಲೇ ಅತ್ತೆಯ ಮನೆಯ ನಲ್ಲಿ ಬಿಚ್ಚಲು ಕೂತಿದ್ದೆಯಂತೆ! ಸ್ಪ್ಯಾನರ್ ಬಚ್ಚಿಡಲು ನಾನೇ ಅತ್ತೆಗೆ ಹೇಳಿದ್ದು, ಬೈದುಕೊಳ್ಳಬೇಡ. ಪ್ಲಂಬರಿಗೂ ಮಂಡಿ ಒಂದೇ ಜೊತೆ ಇರುವುದು. ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ನೀನಿದ್ದಾಗ ಹತ್ತು ಸಲ ಜಗಳವಾಡುತ್ತಿದ್ದಳು, ಆ ಮಾತು ಬೇರೆ. ನಾನು ನಿನ್ನ ಕೆಲಸದ ಚೀಲ ಹೊತ್ತು ಒಬ್ಬಳೇ ಓಡಾಡುತ್ತಿದ್ದೇನೆ.

ತೊರೆಯ ಸಮಾಚಾರ ನೀನು ಅರ್ಧಂಬರ್ಧ ಕೇಳಿದ್ದೀಯ. ಬೀದಿಯವರೆಲ್ಲ ಸೇರಿ ಪ್ರತಿ ಭಾನುವಾರ ತೊರೆಯ ನೀರು ಬಾಟಲಿಗೆ ಹಿಡಿದು ನೋಡುತ್ತೇವಲ್ಲ, ಮಳೆಯೇ ಇಲ್ಲದ ದಿನವೂ ಮಳೆನೀರಿನ ಕೊಳವೆಯಿಂದ ಸೋಪಿನ ನೊರೆ ಬರುತ್ತಿತ್ತು. ಆ ಕೊಳವೆ ನೇರ ತೊರೆಗೇ ಬೀಳುತ್ತದೆ. ಮಧ್ಯೆ ಎಲ್ಲೂ ಶುದ್ಧವಾಗುವುದಿಲ್ಲ. ಕಪ್ಪೆಗಳ ಸದ್ದು ಅಡಗಿ ಎಷ್ಟೋ ವರ್ಷವಾಯಿತು. ಒಂದೊಂದೇ ಮನೆಯ ಬಚ್ಚಲಿಗೂ ಬಟ್ಟೆ ಒಗೆಯುವ ಜಾಗದ ಪೈಪಿಗೂ ಹಸಿರು ಬಣ್ಣ ಸುರಿದು, ಎಲ್ಲಿ ಹೊರಬೀಳುತ್ತದೋ ನೋಡೋಣ ಎಂದರು ದರ್ಜಿ ಮಾಮ. ನಿನ್ನ ಗಂಬೂಟು ಹಾಕಿಕೊಂಡು ಕೊಳವೆಯ ಬಾಯಲ್ಲಿ ನಿಂತವಳು ನಾನು. ಒಂದೊಂದು ಬೂಟಿನಲ್ಲೂ ನನ್ನ ಎರಡೂ ಕಾಲು ಹಿಡಿಸುತ್ತಿದ್ದವು. ಹತ್ತು ಮನೆ ಮುಗಿಯಿತು, ಏನೂ ಇಲ್ಲ. ಹನ್ನೊಂದನೆಯದು ಟೀಚರಮ್ಮನ ಮನೆ. ನಾಲ್ಕೇ ನಿಮಿಷ, ನನ್ನ ಸುತ್ತ ಹಸಿರೋ ಹಸಿರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಬಟ್ಟೆ ಒಗೆಯುವ ಮೆಷಿನ್ನಿನ ನೀರು ಒಳಚರಂಡಿಗೆ ಹೋಗುವ ಬದಲು ಮಳೆನೀರಿನ ಪೈಪಿಗೆ ಸೇರುತ್ತಿತ್ತು. ಎಂಟು ವರ್ಷದ ಸೋಪು, ಅಪ್ಪಾ! ಆ ಮನೆಯ ಪೈಪಿನ ಕೆಲಸ ನಿನ್ನದೆಂದು ಬೀದಿಗೆಲ್ಲ ಗೊತ್ತು. ಅಲ್ಲಿಂದಲೇ ಸ್ಪೀಕರ್ ಹಾಕಿ ನಿನಗೆ ಫೋನು ಮಾಡಿದರು. "ನನ್ನ ಕೈತಪ್ಪು, ಎಲ್ರೂ ಕ್ಷಮಿಸ್ಬೇಕು" ಎಂದು ನೀನು ಹೇಳಿದ್ದನ್ನು ಹದಿನೈದು ಜನ ಕೇಳಿಸಿಕೊಂಡರು. "ಇವ್ರ ಕೈಯಲ್ಲೂ ಹೀಗಾ!" ಎಂದು ದರ್ಜಿ ಮಾಮ ಹುಬ್ಬೇರಿಸಿದರು. ಈಗ ನೀನು ಕೆಲಸ ಮಾಡಿದ ಮನೆಗಳನ್ನೆಲ್ಲ ಮತ್ತೊಮ್ಮೆ ತೆಗೆದು ನೋಡಬೇಕಂತೆ. ನಲವತ್ತು ವರ್ಷ ಯಾರೂ ಬೆರಳು ತೋರಿಸದ ಕೆಲಸ ನಿನ್ನದು.

ಸೋಮವಾರ ಗೋಡೆ ಒಡೆದು ಪೈಪು ಸರಿಮಾಡಿದೆ. ಟೀಚರಮ್ಮ ಪಕ್ಕದಲ್ಲೇ ಕೂತು ಟಾರ್ಚು ಹಿಡಿದರು. ನಿನ್ನೆ ಕೊಳವೆ ಒಣಗಿತ್ತು, ನೊರೆಯ ಸುಳಿವಿಲ್ಲ.

ಅತ್ತೆಗೆ ನಮಸ್ಕಾರ ಹೇಳು. ಕೋಲು ಹಿಡಿದೇ ನಡೆ, ಜಂಬ ಬೇಡ. ನಿನ್ನ ಕಾಲಿಗೆ ಇಲ್ಲಿಂದಲೇ ನನ್ನ ಮುತ್ತು.

ನಿನ್ನ ಮಗಳು, ಶಿಷ್ಯೆಯೂ

ಮರೆತ ಮಾತು: ಮರೆತದ್ದಲ್ಲ, ಕೈ ಬರಲಿಲ್ಲ. ಅಪ್ಪಾ, ಆ ಪೈಪು ಜೋಡಿಸಿದವಳು ನಾನು. ಕೆಲಸ ಕಲಿಯಲು ಬಂದ ಮೊದಲ ವರ್ಷ. ನೀನು ಊಟಕ್ಕೆ ಹೊರಡುವಾಗ "ನೀರು ಬಿಟ್ಟು, ಹೊರಗೆ ಒಳಚರಂಡಿ ಮುಚ್ಚಳ ತೆಗೆದು ನೋಡೇ, ಅಲ್ಲಿಗೇ ಬರ್ತಿದ್ಯಾ ಅಂತ" ಎಂದಿದ್ದೆ. ನೀನು ಬಂದು ಕೇಳಿದಾಗ "ನೋಡಿದೆ" ಎಂದೆ ನಾನು. ನೋಡಿರಲಿಲ್ಲ. ನನ್ನ ಮಾತು ನಂಬಿ ನೀನು ಗೋಡೆ ಮುಚ್ಚಿದೆ. ಇದೆಲ್ಲ ನಿನಗೂ ನೆನಪಿದೆ, ನನಗೆ ಗೊತ್ತು. ಈ ಭಾನುವಾರ ತೊರೆಯ ಹತ್ತಿರ ಎಲ್ಲರ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಫೋನು ಮಾಡಬೇಡಪ್ಪ. ನೀನು ಬೇಡ ಎಂದರೆ ನಾನು ಸುಮ್ಮನಾಗಿಬಿಡುತ್ತೇನೆ.